ಅಮ್ಮ ಒಪ್ಪಿದ ರೇಸು

"ಕಿಟಕಿಯಿಂದ ಒಳಗೆ ಇಳೀಬೇಕಾ? ಹಾಗಾದ್ರೆ ಇದು ಬೇಡ," ಎಂದಳು ಅಮ್ಮ.

ಕಾರ್ ರೇಸ್ ಕ್ಲಬ್ಬಿನ ಗುಮಾಸ್ತ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಮಗನ ಮುಖ ನೋಡಿದ. ಮಗ ಗೋಡೆಯ ಗಡಿಯಾರ ನೋಡಿದ. ಹವ್ಯಾಸಿಗಳ ರೇಸಿಗೆ ಹೆಸರು ಕೊಡಲು ಅಂದೇ ಕೊನೆಯ ದಿನ. ಕಚೇರಿ ಮುಚ್ಚಲು ಇನ್ನು ಮುಕ್ಕಾಲು ಗಂಟೆ ಇತ್ತು.

"ಅಮ್ಮ, ಮಣ್ಣಿನ ಟ್ರ್ಯಾಕಿನ ಕಾರುಗಳೇ ಹಾಗೆ. ಡಿಕ್ಕಿ ಹೊಡೆದಾಗ ಬಾಗಿಲು ತೆರೆದುಕೊಳ್ಳಬಾರದು ಅಂತ ವೆಲ್ಡ್ ಮಾಡಿರ್ತಾರೆ. ಎಲ್ಲಕ್ಕಿಂತ ಅಗ್ಗದ ವರ್ಗ ಇದೇ."

"ಅಗ್ಗ ಅಂತ ಸೊಂಟ ಮುರ್ಕೊಳ್ಳೋದಕ್ಕೆ ಆಗುತ್ತಾ?"

ಅವನು ಹಲ್ಲು ಕಚ್ಚಿದ. ಎರಡು ತಿಂಗಳ ಹಿಂದೆ ಗ್ಯಾರೇಜಿನಲ್ಲಿ ಅವನ ಸೊಂಟ ಹಿಡಿದುಕೊಂಡಿತ್ತು ನಿಜ. ಆದರೆ ಪರರ ಮುಂದೆ ಅದನ್ನು ಆಡಬೇಕಿತ್ತೇ?

ಅವನಿಗೆ ಮೂವತ್ತೆಂಟು. ವೆಲ್ಡಿಂಗ್ ಕೆಲಸದವನು. ಹದಿನೈದು ವರ್ಷದಿಂದ ಬೇರೆಯವರ ರೇಸ್ ಕಾರುಗಳಿಗೆ ಬೆಸುಗೆ ಹಾಕಿ, ಅವು ಓಡುವುದನ್ನು ಬೇಲಿಯಾಚೆ ನಿಂತು ನೋಡಿದವನು. ಅಮ್ಮ ಇಪ್ಪತ್ತೇಳು ವರ್ಷ ಶಾಲೆಯ ವ್ಯಾನು ಓಡಿಸಿ ಈಚೆಗೆ ನಿವೃತ್ತಳಾಗಿದ್ದಳು. ಅಷ್ಟು ವರ್ಷದಲ್ಲಿ ತನ್ನ ವ್ಯಾನಿನಲ್ಲಿ ಒಂದು ಮಗುವಿನ ನೀರಿನ ಬಾಟಲಿಯೂ ಉರುಳಿಲ್ಲ ಎಂಬುದು ಅವಳ ಹೆಮ್ಮೆ. ಅಂಥವಳ ಜೊತೆ ರೇಸು ಆರಿಸುವುದೆಂದರೆ ಆಮೆಯ ಹತ್ತಿರ ಓಟದ ಸಲಹೆ ಕೇಳಿದ ಹಾಗೆ.

ಆದರೆ ಮಾತು ತೆಗೆದವಳು ಅವಳೇ. ಹೋದ ತಿಂಗಳು ಅವನ ಜೊತೆ ಮೊದಲ ಸಲ ರೇಸು ನೋಡಲು ಬಂದವಳು ಹಿಂದಿರುಗುವಾಗ ದಾರಿಯುದ್ದಕ್ಕೂ ತುಟಿ ಬಿಚ್ಚಿರಲಿಲ್ಲ. ಮನೆಯ ಮೆಟ್ಟಿಲ ಮೇಲೆ ನಿಂತು, "ನನ್ನ ಹಳೇ ಕಾರು ಸುಮ್ನೆ ಬಿದ್ದಿದೆ. ಅದನ್ನೇ ರೇಸಿಗೆ ಇಳಿಸೋಣ. ಖರ್ಚು ನಂದು, ಗ್ಯಾರೇಜ್ ಕೆಲಸ ನಿಂದು. ಆದ್ರೆ ಯಾವ ರೇಸು ಅನ್ನೋದು ನನ್ನ ಇಷ್ಟ," ಎಂದಿದ್ದಳು. ಅವನಿಗೆ ಅಂದು ನಿದ್ದೆಯೇ ಬಂದಿರಲಿಲ್ಲ. ಆ ಕೊನೆಯ ಮಾತು ಇಷ್ಟು ದುಬಾರಿಯಾದೀತೆಂದು ಅವನು ಎಣಿಸಿರಲಿಲ್ಲ.

"ಎಂಜಿನ್ ಬದಲಾಯಿಸಿ ಓಡಿಸೋ ವರ್ಗ ಇದೆ," ಎಂದು ಗುಮಾಸ್ತ ಹಾಳೆ ತಿರುವಿದ. "ಯಾವ ಭಾಗ ಬೇಕಾದ್ರೂ ಹಾಕಿಸ್ಕೋಬಹುದು."

ಮಗನ ಕಣ್ಣು ಅರಳಿತು. ಅವನ ಮನಸ್ಸಿನಲ್ಲಿದ್ದದ್ದು ಅದೇ.

"ನಾವು ಒಂದು ಭಾಗ ಹಾಕಿದ್ರೆ ಪಕ್ಕದವನು ಎರಡು ಹಾಕ್ತಾನೆ," ಎಂದಳು ಅಮ್ಮ. "ಅದು ದುಡ್ಡಿನ ರೇಸು. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಮುಂದಿನದು?"

"ನೇರ ಓಟ," ಎಂದ ಗುಮಾಸ್ತ. " ಕಾಲು ಕಿಲೋಮೀಟರು. ಒಂದೇ ಸಲಕ್ಕೆ ಮುಗಿಯುತ್ತೆ. ಅಪಾಯ ಕಡಿಮೆ."

ಇದಕ್ಕಾದರೂ ಒಪ್ಪಿಯಾಳೆಂದು ಮಗ ಮುಂದಕ್ಕೆ ಬಾಗಿದ. ಹೆದರುವವರಿಗೆ ಇದಕ್ಕಿಂತ ಒಳ್ಳೆಯದು ಸಿಗದು.

"ತಿರುವೇ ಇಲ್ವಾ?"

"ಇಲ್ಲಮ್ಮ," ಎಂದ ಗುಮಾಸ್ತ.

"ತಿರುವಿಲ್ಲದ ಮೇಲೆ ಅದೇನು ರೇಸು?"

ಮಗನಿಗೆ ರೇಗಿತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. "ಡಿಕ್ಕಿ ಬೇಡ, ವೇಗ ಬೇಡ, ನೇರ ದಾರಿಯೂ ಬೇಡ. ನಿಂಗೆ ಇಷ್ಟ ಇಲ್ಲ ಅಂದ್ರೆ ನೆಟ್ಟಗೆ ಹೇಳಿಬಿಡು. ಹೀಗೆ ಮೀನಮೇಷ ಎಣಿಸಬೇಡ."

"ಕೂತ್ಕೋ," ಎಂದಳು ಅಮ್ಮ, ಹಿಂದಿನ ಸೀಟಿನಲ್ಲಿ ಗಲಾಟೆ ಮಾಡುವವರಿಗೆ ಹೇಳುವ ದನಿಯಲ್ಲಿ. ಅವನು ಕುಳಿತ.

ಉಳಿದದ್ದು ಒಂದೇ ಹಾಳೆ. ಸಣ್ಣ ಕಾರುಗಳ ವರ್ಗ. ಎಂಜಿನ್ ಕಂಪನಿಯಿಂದ ಬಂದ ಹಾಗೇ ಇರಬೇಕು. ಎಲ್ಲರಿಗೂ ಒಂದೇ ಬಗೆಯ ಟೈರು. ಒಳಗೆ ಕಾರು ಮಗುಚಿದರೆ ಕಾಯುವ ಕಬ್ಬಿಣದ ಪಂಜರ, ಸೀಟು, ಬೆಲ್ಟು ಹೊಸದಾಗಿ ಹಾಕಿಸಿದರೆ ಸಾಕು. ಬಾಗಿಲು ಮಾಮೂಲಿನಂತೆ ತೆರೆಯುತ್ತದೆ. ಹನ್ನೊಂದು ತಿರುವುಗಳು.

ಅಮ್ಮ ಟ್ರ್ಯಾಕಿನ ನಕ್ಷೆಯ ಮೇಲೆ ಬೆರಳಿಟ್ಟು ಹನ್ನೊಂದನ್ನೂ ನಿಧಾನವಾಗಿ ದಾಟಿದಳು. "ಎಲ್ಲರ ಕಾರೂ ಒಂದೇ ಥರ ಅಂದ್ರೆ, ಗೆಲ್ಲೋದು ಓಡಿಸೋರ ಕೈ ಮೇಲೆ ತಾನೆ?"

"ಹೌದಮ್ಮ," ಎಂದ ಗುಮಾಸ್ತ.

"ವಯಸ್ಸಿನ ಮಿತಿ ಇದೆಯಾ?"

"ಹದಿನೆಂಟು ತುಂಬಿರಬೇಕು."

"ಅದಲ್ಲ. ಮೇಲೆ."

ಮಗನ ಕೈ ತಾನಾಗಿ ನೆತ್ತಿಯ ಬೋಳು ಜಾಗ ಮುಟ್ಟಿತು. ಹೆತ್ತವಳ ಬಾಯಲ್ಲೇ ಇಂಥ ಮಾತು.

"ಮೇಲೆ ಮಿತಿ ಇಲ್ಲ," ಎಂದ ಗುಮಾಸ್ತ. "ಡಾಕ್ಟರ ಸರ್ಟಿಫಿಕೇಟು, ಲೈಸೆನ್ಸು ಬೇಕು. ಇವತ್ತೇ ಬೇಕು."

ಮಗ ಮತ್ತೆ ಗಡಿಯಾರ ನೋಡಿದ. ಸರ್ಟಿಫಿಕೇಟಿನ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಹದಿನೈದು ವರ್ಷ ಕಾದದ್ದು ಒಂದು ಚೀಟಿಗಾಗಿ ಮುರಿದುಬೀಳಬೇಕೇ? ಅಷ್ಟರಲ್ಲಿ ಅಮ್ಮ ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು.

"ಎಲ್ಲ ಇದರಲ್ಲಿದೆ. ಅರ್ಜಿಯನ್ನೂ ಮನೇಲೇ ತುಂಬಿಸಿದ್ದೀನಿ. ವರ್ಗ ಮಾತ್ರ ಬರೀಬೇಕು, ಇದನ್ನೇ ಬರೀರಿ."

ಸೊಂಟ ಹಿಡಿದಾಗ ತೋರಿಸಿದ್ದ ಡಾಕ್ಟರ ಹತ್ತಿರ ಅಮ್ಮ ತಾನೇ ಹೋಗಿ ಬರೆಸಿರಬೇಕು. ಅವನ ಸಿಟ್ಟು ಜರ್ರನೆ ಇಳಿಯಿತು. ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಪಂಜರದ ಕಂಬಿಗಳನ್ನು ಎಲ್ಲಿ ಬಗ್ಗಿಸಬೇಕು, ಎಲ್ಲಿ ಬೆಸೆಯಬೇಕು ಎಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತು.

ಗುಮಾಸ್ತ ಸರ್ಟಿಫಿಕೇಟು ಓದಿದ. ತಲೆಯೆತ್ತಿ ನೋಡಿದ. ಮತ್ತೆ ಓದಿದ.

"ಏನಾದ್ರೂ ತೊಂದರೆನಾ?" ಎಂದು ಕೇಳಿದಳು ಅಮ್ಮ.

"ನಿಯಮದ ಪ್ರಕಾರ ಏನೂ ಇಲ್ಲ," ಎಂದ ಗುಮಾಸ್ತ. ಅವನ ದನಿ ಬದಲಾಗಿತ್ತು. ಅರ್ಜಿಯನ್ನು ತಿರುಗಿಸಿ ಮುಂದಕ್ಕೆ ಸರಿಸಿದ. "ಕಾರು ಓಡಿಸೋರು ಇಲ್ಲಿ ಸಹಿ ಮಾಡಿ."

ಮಗ ಪೆನ್ನಿಗೆ ಕೈ ಚಾಚಿದ. ಪೆನ್ನು ಆಗಲೇ ಅಮ್ಮನ ಕೈಯಲ್ಲಿತ್ತು.

"ನಿಂದು ಕೆಳಗಡೆ ಕಣೋ," ಎಂದಳು ಅವಳು, ಸಹಿ ಮಾಡುತ್ತಲೇ. "ಮೆಕ್ಯಾನಿಕ್ ಅಂತಿದೆಯಲ್ಲ, ಅಲ್ಲಿ."