ಮೊದಲು ಎದುರಾದವಳು

ನಗರಸಭೆಯವರು ಮನೆಮನೆಗೆ ಬಂದು ಜನರ ಶಕುನ ಅಳೆದು ಕಾರ್ಡು ಕೊಟ್ಟು ಹೋದ ಮೇಲೆ ಚನ್ನಾಜಮ್ಮನ ಬಾಗಿಲಲ್ಲಿ ದಿನಾ ಬೆಳಿಗ್ಗೆ ಸಾಲು. ಅವಳದು ‘ಶುಭ’ ಕಾರ್ಡು. ಹೊರಟವರು ಹೆಜ್ಜೆ ಎತ್ತಿದ ಕೂಡಲೇ ಅವಳು ತುಂಬಿದ ಕೊಡ ಹೊತ್ತು ಮೊದಲು ಎದುರಾದರೆ ಹೋದ ಕೆಲಸ ಆಗಿಯೇ ಆಗುತ್ತಿತ್ತು. ಪಕ್ಕದ ಮನೆಯ ಗಿರಿಜೆಯದು ‘ಸಾಧಾರಣ’. ಇಬ್ಬರೂ ನೀರು ಹಿಡಿಯುವುದು ಒಂದೇ ನಲ್ಲಿಯಲ್ಲಿ. ಆ ಸಾಲು ನೋಡಿದಾಗಲೆಲ್ಲ ಗಿರಿಜೆಗೆ ಹೊಟ್ಟೆ ಉರಿಯುತ್ತಿತ್ತು.

ಇವತ್ತು ಮಗಳು ಹೇಮಾಳಿಗೆ ನರ್ಸ್ ಕೆಲಸದ ಸಂದರ್ಶನ. ಗಿರಿಜೆ ಕೊಡ ತುಂಬಿಕೊಂಡು ಕಾದಿದ್ದರೆ, ಮಗಳು ಹಿತ್ತಲಿನಿಂದ ಹೋಗಿ ಪಕ್ಕದ ಮನೆಯ ಸಾಲು ಸೇರಿದ್ದಳು.

“ಹೆತ್ತವಳು ಎದುರು ಬಂದರೆ ಸಾಲದೇನೇ?”

“ಹೋದ ಸಲ ನೀನೇ ಬಂದಿದ್ದೆಯಲ್ಲಮ್ಮಾ. ಏನಾಯ್ತು ಹೇಳು?”

ಗಿರಿಜೆ ಕೊಡ ಕುಕ್ಕಿ, ಸಾಲು ಸೀಳಿಕೊಂಡು ಹೋಗಿ, ಚನ್ನಾಜಮ್ಮನ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿದಳು. ಜನ ಬಾಯಿ ಮಾಡಿದರು. ಅವಳು ಅಲುಗಲಿಲ್ಲ.

ಒಳಗಿನಿಂದ ಚನ್ನಾಜಮ್ಮನ ದನಿ ಬಂತು: “ನನ್ನ ಮೇಲಿನ ಸಿಟ್ಟು ನಾಳೆ ತೀರಿಸ್ಕೊಳ್ಳೇ ತಾಯಿ. ಹುಡುಗಿಗೆ ಬಸ್ಸು ತಪ್ಪುತ್ತೆ.”

ಗಿರಿಜೆ ಚಿಲಕ ತೆಗೆದಳು. ಮಗಳು ಹೆಜ್ಜೆ ಎತ್ತುವಾಗ ತಾನು ಎದುರಾಗಬಾರದೆಂದು ಗೋಡೆಯ ಕಡೆ ಮುಖ ಮಾಡಿ ನಿಂತಳು.