ಬಿಕ್ಕಳಿಕೆಯ ವೈಖರಿ

ವೇದಿಕೆಯ ನಟ್ಟನಡುವೆ ಕಣ್ಣುಮುಚ್ಚಿ ಕೂತಿದ್ದ ಕಲಾವಿದೆಗೆ ಬಿಕ್ಕಳಿಕೆ ಬಂತು.

ಅದೂ ಎಂಥ ಹೊತ್ತಿನಲ್ಲಿ! ಮಾತು ಬೆನ್ನುಹುರಿಯ ಬುಡದಲ್ಲಿ ಸದ್ದೇ ಇಲ್ಲದ ‘ಪರಾ’ ಆಗಿ ಹುಟ್ಟಿ, ಹೊಕ್ಕುಳಲ್ಲಿ ‘ಪಶ್ಯಂತಿ’, ಎದೆಯಲ್ಲಿ ‘ಮಧ್ಯಮಾ’ ಎನ್ನಿಸಿಕೊಂಡು, ಕೊನೆಗೆ ನಾಲಿಗೆಯ ಮೇಲೆ ‘ವೈಖರಿ’ಯಾಗಿ ಹೊರಬೀಳುತ್ತದೆ ಎಂಬುದನ್ನು ಮೈಯಿಂದಲೇ ತೋರಿಸುವ ಪ್ರದರ್ಶನ ಅದು. ಅವಳಿನ್ನೂ ಪರಾದಲ್ಲೇ ಇದ್ದಳು. ಬಿಕ್ಕಳಿಕೆ ಮಾತ್ರ ನಡುವಿನ ಮೆಟ್ಟಿಲುಗಳನ್ನೆಲ್ಲ ಹಾರಿ ನೇರ ವೈಖರಿಗೇ ಬಂದಿತ್ತು.

ಉಸಿರು ಬಿಗಿಹಿಡಿದಳು. “ಹಿಕ್!” ಎದೆಗೆ ಸಿಕ್ಕಿಸಿದ್ದ ಮೈಕು ಅದನ್ನು ಮೂಲೆಮೂಲೆಗೂ ಮುಟ್ಟಿಸಿತು. ಮುಂದಿನ ಸಾಲಿನ ವಿಮರ್ಶಕರೊಬ್ಬರು ಗಂಭೀರವಾಗಿ ತಲೆದೂಗಿದರು.

ಅರೆಗಣ್ಣು ತೆರೆದು ನೋಡಿದರೆ, ಹಿಂದಿನ ಸಾಲಿನಲ್ಲಿ ಅಕ್ಕ! ಇದ್ದ ಕೆಲಸ ಬಿಟ್ಟು ಈ ಕಲೆಗೆ ಬಿದ್ದಾಗ, “ನೀನು ಸುಮ್ಮನೆ ಕೂರೋದನ್ನ ನೋಡೋಕೆ ಜನ ಟಿಕೆಟ್ ಬೇರೆ ತಗೋಬೇಕಾ?” ಎಂದು ಅಕ್ಕ ಅಂದದ್ದೇ ಕೊನೆ. ಆಮೇಲೆ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ನರ್ಸಿಗೆ ಹೇಳಿದ್ದರು. ಅಂಥ ಅಕ್ಕ ಟಿಕೆಟ್ ತೆಗೆದುಕೊಂಡು ಬಂದಿದ್ದಾಳೆ. ಅವಳು ಬಂದ ದಿನವೇ ಹೀಗೆ ಮಾನ ಹೋಗಬೇಕೆ?

“ಹಿಕ್!”

“ಅಯ್ಯೋ, ನೀರು ಕುಡಿಯೇ ತಾಯಿ!” ಅಕ್ಕ ಎದ್ದೇಬಿಟ್ಟಳು. ಯಾರ್ಯಾರದೋ ಕಾಲು ತುಳಿದುಕೊಂಡು ಬಂದು ವೇದಿಕೆ ಹತ್ತಿ, ಚೀಲದಿಂದ ಬಾಟಲಿ ತೆಗೆದು ತಂಗಿಯ ಬಾಯಿಗೆ ಹಿಡಿದಳು. ಇನ್ನೊಂದು ಕೈಯಿಂದ ಬೆನ್ನಿಗೊಂದು ಗುದ್ದು. “ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ? ಖಾಲಿ ಹೊಟ್ಟೇಲಿ ಕೂತ್ರೆ ಇನ್ನೇನಾಗತ್ತೆ?”

“ಅಕ್ಕಾ, ಮೈಕು... ಹಿಕ್... ಆನ್ ಇದೆ.”

“ಇರಲಿ! ಎಲ್ಲರೂ ಕೇಳಲಿ!”

ಇದೂ ಪ್ರದರ್ಶನದ ಭಾಗವೇ ಎಂದುಕೊಂಡ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಗ್ರೀನ್ ರೂಮಿಗೆ ಬಂದರೂ ಅಕ್ಕನ ಬೈಗುಳ ನಿಲ್ಲಲಿಲ್ಲ. ಮೈ ಸೊರಗಿದ್ದಕ್ಕೆ, ಕಣ್ಣು ಗುಳಿಬಿದ್ದದ್ದಕ್ಕೆ, ಅಮ್ಮನಿಗೆ ಫೋನು ಮಾಡದ್ದಕ್ಕೆ, ತನಗಂತೂ ಮಾಡದೇ ಇದ್ದದ್ದಕ್ಕೆ. ತಂಗಿ ಮೂಗೊರೆಸಿಕೊಳ್ಳುತ್ತ, ನಗುತ್ತ, ಎಲ್ಲಕ್ಕೂ ಹೂಂಗುಟ್ಟುತ್ತಿದ್ದಳು.

ಅಷ್ಟರಲ್ಲಿ ಆ ವಿಮರ್ಶಕರು ಬಾಗಿಲಲ್ಲಿ ತಲೆಹಾಕಿದರು. “ಅದ್ಭುತ! ವೈಖರಿಯನ್ನ ಇಷ್ಟು ಸಹಜವಾಗಿ ಎಲ್ಲೂ ನೋಡಿರಲಿಲ್ಲ. ಆದ್ರೆ ಮೇಡಂ,” ಎಂದು ಅಕ್ಕನ ಕಡೆ ನೋಡಿದರು, “ನಿಮ್ಮ ಮಾತು ಎಲ್ಲಿಗೆ ಮುಗೀತು ಅಂತಲೇ ಗೊತ್ತಾಗಲಿಲ್ಲ.”

ಅಕ್ಕ ತಿರುಗಿಯೂ ನೋಡಲಿಲ್ಲ. “ಈಗಿನ್ನೂ ಶುರು ಮಾಡಿದ್ದೀನಿ. ಬಾಗಿಲು ಹಾಕ್ಕೊಂಡು ಹೋಗಿ.”