ಗೂಬೆಯ ಗುಟ್ಟಿನ ಮಾತು

"ಬೆಳ್ಳುಳ್ಳಿ ಸುಲಿದಾಯ್ತಾ, ಮಿರೊ?"

ಕಾಸಿಮಿರೊ ಫೋನನ್ನು ಗಬಕ್ಕನೆ ಅಕ್ಕಿ ಡಬ್ಬಿಯೊಳಗೆ ಹೂತ. "ಆಗ್ತಾ ಇದೆ ಕಣೇ!"

ಹೆಂಡತಿ ಲಿಗಾಯ ಒಮ್ಮೆ ದುರುಗುಟ್ಟಿ ನೋಡಿ ಒಳಗೆ ಹೋದಳು. ಇಲೊಯ್ಲೊ ಬಂದರಿನ ಅವರ ಊಟದಂಗಡಿಗೆ ಇನ್ನೂ ಮೊದಲ ಗಿರಾಕಿ ಬಂದಿರಲಿಲ್ಲ.

ಆರು ತಿಂಗಳ ಹಿಂದೆ ಡಿಜಿಟಲ್ ಹುಂಜಗಳ ಆಟದಲ್ಲಿ ಮಿರೊ ತಾನು ಬಾಡಿಗೆಗೆ ಓಡಿಸುತ್ತಿದ್ದ ಟ್ರೈಸಿಕಲ್ ಕಳೆದುಕೊಂಡಿದ್ದ. ಅಂದೇ ಲಿಗಾಯ ಆ ಆಟದೊಳಗಿನ ಅವನ ಮುದ್ದಿನ ಕೆಂಪು ಹುಂಜ ಬಾರಾಕೊನನ್ನು ಅವನ ಫೋನಿನಿಂದ ಕಿತ್ತುಕೊಂಡು, "ಮಾರಿಬಿಟ್ಟೆ" ಎಂದಿದ್ದಳು. ಬಾಲ ಯೇಸುವಿನ ಮುಂದೆ ಆಣೆಯನ್ನೂ ಹಾಕಿಸಿದ್ದಳು. "ಇನ್ನೊಂದ್ಸಲ ಆ ಆಟಕ್ಕೆ ಕೈ ಹಾಕು, ನಮ್ಮಮ್ಮನ್ನ ಇಲ್ಲಿಗೇ ಖಾಯಂ ಕರೆಸ್ಕೋತೀನಿ." ಹಾವನ್ನಾದರೂ ಸಾಕಿಯಾನು, ಆ ಅತ್ತೆಯ ಜೊತೆ ಒಂದೇ ಸೂರಿನಡಿ ಇರಲಾರ ಮಿರೊ.

ಆದರೆ ಬಾರಾಕೊನನ್ನು ಮಿರೊ ಮರೆಯಲಿಲ್ಲ. ಕಳ್ಳ ಹೆಸರಲ್ಲಿ ಒಂದು ಜಾಹೀರಾತು ಹಾಕಿದ: "ಬಾರಾಕೊ ಯಾರ ಹತ್ತಿರ ಇದ್ದಾನೋ, ಇನ್ನೊಂದು ಆಟದಲ್ಲಿರೋ ನನ್ನ ಡಿಜಿಟಲ್ ಗದ್ದೆ ತಗೊಂಡು ಅವನನ್ನು ಕೊಡಿ."

ಅಕ್ಕಿಯೊಳಗೆ ಫೋನು ಗುಂಯ್ ಎಂದಿತು. ಗೂಬೆ ಎಂಬ ಹೆಸರಿನ ಯಾರೋ. "ಅಣ್ಣಾ, ಬಾರಾಕೊ ನನ್ನ ಹತ್ರ ಇದಾನೆ. ಬೋಣಿ ಹೊತ್ತು, ಇಲ್ಲ ಅನ್ಬೇಡಿ."

ಬೋಣಿಗೆ ಇಲ್ಲವೆಂದ ಅಂಗಡಿಯವನು ದಿನವಿಡೀ ನೊಣ ಹೊಡೆಯುತ್ತ ಕೂರಬೇಕು. ಮಿರೊ ಒಪ್ಪಿದ.

ಹುಂಜ ಒಂದು ಬ್ಲಾಕ್‌ಚೈನಿನ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ, ಗದ್ದೆ ಇನ್ನೊಂದರಲ್ಲಿ. ನಡುವೆ ದಲ್ಲಾಳಿಯಿಲ್ಲ. ಗೂಬೆ ಗುಟ್ಟಿನ ಮಾತೊಂದನ್ನು ಬೀಗವಾಗಿಸಿ ಹುಂಜವನ್ನು ಒಳಗಿಡಬೇಕು. ಮಾತೇನೆಂದು ತಿಳಿಯದೆಯೇ ಅದೇ ಬೀಗದಡಿ ಮಿರೊ ಗದ್ದೆಯನ್ನಿಡಬೇಕು. ಗದ್ದೆ ತೆಗೆಯಲು ಗೂಬೆ ಆ ಮಾತು ಟೈಪಿಸಿದೊಡನೆ ಅದು ಮಿರೊಗೂ ಕಾಣುತ್ತದೆ. ಅದನ್ನೇ ಟೈಪಿಸಿ ಇವನು ಹುಂಜ ತೆಗೆಯಬಹುದು. ಗಡುವು ಮೀರಿದರೆ ಅವರವರದು ಅವರವರಿಗೆ. ಯಾರೂ ಯಾರನ್ನೂ ನಂಬಬೇಕಿಲ್ಲ.

ಗೂಬೆ ಬೀಗ ಹಾಕಿತು. ಮಿರೊನೂ ಹಾಕಿ, ಒಳ್ಳೆಯದಾಗಲೆಂದು ಬೋಣಿ ನೋಟನ್ನು ತಟ್ಟುವಂತೆ ಫೋನನ್ನು ಪಾತ್ರೆಗಳ ಮೇಲೆ ತಟ್ಟಿದ.

"ಅದೇನ್ ಸದ್ದು?" ಲಿಗಾಯ ಹೊರಬಂದಳು. ಅವಳ ಕೈಯಲ್ಲೂ ಫೋನು.

"ನೊಣ! ನೀನ್ಯಾರ ಜೊತೆ ಮಾತು?"

"ಅಮ್ಮಂಗೆ ಮೆಸೇಜು. ಮೊಣಕಾಲು ನೋವಂತೆ."

"ಪಾಪ, ಓಡಾಡೋದು ಬೇಡ. ಅಲ್ಲೇ ಆರಾಮಾಗಿರ್ಲಿ," ಎಂದ ಮಿರೊ ಮನಸಾರೆ.

ಅವಳು ಮೇಜುಗಳನ್ನು ಒಂದೊಂದಾಗಿ ಒರೆಸತೊಡಗಿದಳು. ಅಷ್ಟು ಹೊತ್ತೂ ಗೂಬೆಯ ಸುಳಿವಿಲ್ಲ. ಗಡುವಿಗೆ ಹತ್ತೇ ನಿಮಿಷ. ಮಿರೊ ಅಕ್ಕಿ ಡಬ್ಬಿಯೊಳಗೆ ಇಣುಕಿ ಗೊಣಗಿದ.

"ಹಾಳಾದ್ದು ಮಲಗಿಬಿಡ್ತೇನೋ!"

"ಯಾರು?"

"ಬೆಕ್ಕು ಕಣೇ, ಬೆಕ್ಕು."

"ಸಾರು ಉಕ್ತಿದೆ," ಎಂದು ಲಿಗಾಯ ಒಳಗೆ ಓಡಿದಳು.

ಫೋನು ಗುಂಯ್ ಎಂದಿತು. ಗದ್ದೆ ಹೋಯಿತು, ಗುಟ್ಟಿನ ಮಾತು ಬಯಲಾಯಿತು! ಮಿರೊ ಕೈ ಒರೆಸಿಕೊಂಡು, ಬಾರಾಕೊಗಾಗಿ ತಾನು ಅಕ್ಷರ ಬಿಡದೆ ಟೈಪಿಸಬೇಕಾಗಿದ್ದ ಮಾತನ್ನು ಓದಿದ:

"ಬೆಳ್ಳುಳ್ಳಿ ಸುಲಿದಾಯ್ತಾ, ಮಿರೊ? ಅಮ್ಮ ಶುಕ್ರವಾರದ ಹಡಗಿಗೆ ಬರ್ತಾಳೆ."